ಎರಡು ಗೆರೆ ಮೂಡುವ ಮೊದಲೇ: ತಾಯಿಯಾಗಬಯಸುವವರಿಗೆ ಔಷಧ ಸೂತ್ರಗಳು

ಮುಟ್ಟಿನ ದಿನ ದಾಟಿ ಒಂದು ವಾರವಾಗಿದೆ. ಮನೆಯಲ್ಲೇ ಪರೀಕ್ಷೆ ಮಾಡಿಕೊಂಡಾಗ ಎರಡು ಗೆರೆ ಮೂಡಿವೆ. ಮರುದಿನವೇ ಡಾಕ್ಟರ ಹತ್ತಿರ ಹೋಗಿ, "ನಾನು ದಿನಾ ನುಂಗುವ ಈ ಮಾತ್ರೆ ಮಗುವಿಗೆ ಏನಾದರೂ ಮಾಡುತ್ತಾ?" ಎಂದು ಕೇಳುವ ಹೆಣ್ಣುಮಗಳು ಎಚ್ಚರದವಳೇ. ಆದರೆ ಲೆಕ್ಕ ಹಾಕಿ ನೋಡಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಅಷ್ಟರಲ್ಲಿ ಐದು ವಾರ ಕಳೆದಿವೆ. ಮುಂದೆ ಮಿದುಳು, ಬೆನ್ನುಹುರಿ ಆಗಬೇಕಾದ ನರಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ, ಅಂದರೆ ಆರನೇ ವಾರದ ಹೊತ್ತಿಗೆ, ಮುಚ್ಚಿಕೊಳ್ಳುತ್ತದೆ. ಪುಟ್ಟ ಹೃದಯ ಬಡಿಯತೊಡಗುವುದೂ ಇದೇ ಸುಮಾರಿಗೆ. ಕೈಕಾಲು, ಕಿವಿ, ತುಟಿ, ಅಂಗುಳ ರೂಪುಗೊಳ್ಳುವುದು ಅದರ ಮುಂದಿನ ಕೆಲವೇ ವಾರಗಳಲ್ಲಿ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸರದಿ ಬರುವಷ್ಟರಲ್ಲಿ ಮುಖ್ಯವಾದ ಎಷ್ಟೋ ಕೆಲಸ ಒಳಗೆ ನಡೆದುಹೋಗಿರುತ್ತದೆ.

ಹಾಗಾಗಿ ಆ ಪ್ರಶ್ನೆಯನ್ನು ಗರ್ಭ ಕಟ್ಟುವ ಮೊದಲೇ ಕೇಳಬೇಕು. ಜೊತೆಗೇ ಇನ್ನೊಂದು ಮಾತು: ತಿಳಿಯದೆ ನುಂಗಿದ್ದರಿಂದ ಕೆಲವರಿಗೆ ಹಾನಿಯಾದರೆ, ಹೆದರಿ ನಿಲ್ಲಿಸಿದ್ದರಿಂದ ಇನ್ನು ಕೆಲವರಿಗೆ ಹಾನಿಯಾಗುತ್ತದೆ. ಮೊದಲನೆಯದರ ಬಗ್ಗೆ ಮನೆಯ ಹಿರಿಯರೂ ಎಚ್ಚರಿಸುತ್ತಾರೆ. ಎರಡನೆಯದರ ಬಗ್ಗೆ ಹೇಳುವವರು ಕಡಿಮೆ. ಕೆಳಗಿನ ಸೂತ್ರಗಳನ್ನು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದಿ. ಯಾವುದನ್ನು ಓದಿದರೂ ನಿಮ್ಮ ಮಾತ್ರೆ ಬದಲಿಸುವುದು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡಿದ ಮೇಲೆಯೇ.

1. ಮೂರು ತಿಂಗಳು ಮೊದಲೇ ಒಮ್ಮೆ ಡಾಕ್ಟರನ್ನು ಕಾಣಿ

ನಮ್ಮಲ್ಲಿ ಲೇಡಿ ಡಾಕ್ಟರ ಬಳಿ ಹೋಗುವುದು ಎರಡೇ ಸಂದರ್ಭದಲ್ಲಿ. ಮುಟ್ಟು ನಿಂತಾಗ, ಇಲ್ಲವೇ ಮದುವೆಯಾಗಿ ವರ್ಷ ಕಳೆದರೂ ಮುಟ್ಟು ನಿಲ್ಲದಾಗ. ಇವೆರಡಕ್ಕೂ ಮೊದಲಿನ ಒಂದು ಭೇಟಿ ಹೆಚ್ಚಿನ ಮನೆಗಳ ಲೆಕ್ಕದಲ್ಲೇ ಇಲ್ಲ. ಅದನ್ನು ಸೇರಿಸಿಕೊಳ್ಳಿ. ಹೇಳಬೇಕಾದ್ದು ಒಂದೇ ವಾಕ್ಯ: "ಇನ್ನು ಮೂರ್ನಾಲ್ಕು ತಿಂಗಳಲ್ಲಿ ಮಗುವಿಗೆ ಪ್ರಯತ್ನಿಸಬೇಕೆಂದಿದ್ದೇವೆ, ನನ್ನ ಔಷಧಗಳನ್ನು ಒಮ್ಮೆ ನೋಡಿ."

ಈ ವಾಕ್ಯವನ್ನು ಹೆರಿಗೆ ಡಾಕ್ಟರಿಗಷ್ಟೇ ಹೇಳಿದರೆ ಸಾಲದು. ಚರ್ಮದ ಡಾಕ್ಟರು, ನರರೋಗ ತಜ್ಞರು, ಕೀಲುನೋವಿಗೆ ತೋರಿಸುವವರು, ಹೃದಯದ ಡಾಕ್ಟರು, ನಿಮಗೆ ನಿತ್ಯದ ಮಾತ್ರೆ ಬರೆದುಕೊಡುವ ಪ್ರತಿಯೊಬ್ಬರಿಗೂ ಹೇಳಬೇಕು. ಅವರಲ್ಲಿ ಎಲ್ಲರೂ ತಾವಾಗಿ ಕೇಳುವುದಿಲ್ಲ. ಜಗತ್ತಿನಲ್ಲಿ ನಿಲ್ಲುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟು ಯೋಜಿಸದೆ ನಿಂತವು. ಆದ್ದರಿಂದ "ಈಗಲೇ ಮಗು ಬೇಡ" ಎನ್ನುವವರೂ ಹೊಸ ಮಾತ್ರೆ ಶುರುಮಾಡುವಾಗ "ಅಕಸ್ಮಾತ್ ಗರ್ಭ ನಿಂತರೆ ಇದರಿಂದ ತೊಂದರೆಯೇ?" ಎಂದು ಕೇಳಿಟ್ಟುಕೊಳ್ಳಬೇಕು.

2. ಔಷಧಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಚೀಲವನ್ನೇ ಒಯ್ಯಿರಿ

"ಒಂದು ಬಿಳಿ ಮಾತ್ರೆ, ಒಂದು ಗುಲಾಬಿ ಮಾತ್ರೆ" ಎಂದರೆ ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಚೀಲಕ್ಕೆ ಮಾತ್ರೆಯ ಸ್ಟ್ರಿಪ್ಪುಗಳ ಜೊತೆ ಮುಖಕ್ಕೆ ಹಚ್ಚುವ ಕ್ರೀಮು, ಇನ್ಹೇಲರ್, ಕಣ್ಣಿನ ಹನಿ, ಲೇಹ್ಯ, ಚೂರ್ಣ, ಕೂದಲು ಉದುರದಂತೆ ತೆಗೆದುಕೊಳ್ಳುವ ಕ್ಯಾಪ್ಸೂಲ್, ತೂಕ ಇಳಿಸುವ ಇಂಜೆಕ್ಷನ್, ಪ್ರೋಟೀನ್ ಪುಡಿ ಎಲ್ಲವೂ ಹೋಗಲಿ. ಹಚ್ಚುವುದನ್ನು, ಮೂಸುವುದನ್ನು, ಚುಚ್ಚಿಸಿಕೊಳ್ಳುವುದನ್ನು ನಾವು ಔಷಧವೆಂದು ಎಣಿಸುವುದಿಲ್ಲ. ಮರೆತುಹೋಗುವುದು ಅವೇ.

ಸ್ಟ್ರಿಪ್ಪಿನ ಮೇಲೆ ದೊಡ್ಡಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಸಣ್ಣಕ್ಷರದಲ್ಲಿರುವುದು ಔಷಧದ ನಿಜವಾದ ಹೆಸರು. ಓದಬೇಕಾದ್ದು ಸಣ್ಣಕ್ಷರವನ್ನು. ಮೆಡಿಕಲ್ ಶಾಪಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಹೆಸರೂ ಅವಧಿಯ ತಾರೀಖೂ ಆಚೆ ತುಂಡಿನಲ್ಲೇ ಉಳಿಯುತ್ತವೆ. ಕತ್ತರಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

3. ಫೋಲಿಕ್ ಆಸಿಡ್ ಅನ್ನು ಇಂದೇ ಶುರುಮಾಡಿ

ಈ ಪಟ್ಟಿಯಲ್ಲಿ ಬಿಡು ಎನ್ನುವ ಔಷಧಗಳೇ ಹೆಚ್ಚು. ಇದು ಮಾತ್ರ ತೆಗೆದುಕೋ ಎನ್ನುವುದು. ನರಕೊಳವೆ ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ಬೇಕು. ಅದು ಮುಚ್ಚುವುದು ಆರನೇ ವಾರದ ಹೊತ್ತಿಗೆ ಅಂದೆವು. ಮುಟ್ಟು ನಿಂತ ಮೇಲೆ ಶುರುಮಾಡಿದರೆ ಆ ಕೆಲಸಕ್ಕೆ ಪೂರ್ತಿ ಒದಗುವುದಿಲ್ಲ. ಗರ್ಭ ಧರಿಸುವ ಕನಿಷ್ಠ ಒಂದು ತಿಂಗಳು ಮೊದಲು, ಎರಡು ಮೂರು ತಿಂಗಳಾದರೆ ಇನ್ನೂ ಒಳ್ಳೆಯದು, ಅಲ್ಲಿಂದ 12 ವಾರ ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ.

ಕೆಲವರಿಗೆ ಹೆಚ್ಚು ಬೇಕು. ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದವರು, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಯವರು, ತೂಕ ಬಹಳ ಹೆಚ್ಚಿರುವವರು ಇಂಥವರಿಗೆ ಡಾಕ್ಟರು 5 ಮಿಲಿಗ್ರಾಂ ಬರೆಯುತ್ತಾರೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಹಿಂದೆ ಇಂಥ ಮಗು ಹೆತ್ತ ತಾಯಂದಿರಿಗೆ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತು. ಒಂದು ಅಗ್ಗದ ವಿಟಮಿನ್ ಮಾತ್ರೆ ಇಷ್ಟು ಮಾಡಬಲ್ಲದು ಎಂಬುದನ್ನು ಪ್ರತಿ ಮದುವೆಮನೆಯಲ್ಲೂ ಹೇಳಬೇಕು ಅನಿಸುತ್ತದೆ.

ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು 5 ಮಿಲಿಗ್ರಾಂ ಮಾತ್ರೆ, ಅಂದರೆ 400 ಮೈಕ್ರೋಗ್ರಾಂನ ಹನ್ನೆರಡೂವರೆ ಪಟ್ಟು. ನಿಮಗೆ ಯಾವುದು ಬೇಕೆಂದು ಡಾಕ್ಟರ ಹತ್ತಿರ ಬರೆಸಿಕೊಂಡೇ ಕೊಳ್ಳಿ. ಸರ್ಕಾರ ಹೆಣ್ಣುಮಕ್ಕಳಿಗೆ ವಾರಕ್ಕೊಂದರಂತೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ ನಿಜ. ಆದರೆ ಅದು ವಾರಕ್ಕೊಮ್ಮೆಯದು, ದಿನದ ಮಾತ್ರೆಗೆ ಬದಲಾಗಲಾರದು. ಸೊಪ್ಪು, ಕಾಳು ತಿನ್ನಿ. ಅದನ್ನೇ ನಂಬಿ ಮಾತ್ರೆ ಬಿಡಬೇಡಿ. ಮಾಂಸ, ಮೊಟ್ಟೆ ತಿನ್ನದವರು ಇದೇ ಹೊತ್ತಿಗೆ ಬಿ12 ಎಷ್ಟಿದೆಯೆಂದೂ ನೋಡಿಸಿಕೊಳ್ಳಿ.

4. ಫಿಟ್ಸ್ ಮಾತ್ರೆಯ ಹೆಸರು 'ವ್ಯಾಲ್‌ಪ್ರೊಯೇಟ್' ಇದೆಯೇ ನೋಡಿ

ಇದೊಂದನ್ನು ಬಿಡಿಸಿ ಹೇಳಬೇಕು. ಸೋಡಿಯಂ ವ್ಯಾಲ್‌ಪ್ರೊಯೇಟ್, ಡೈವ್ಯಾಲ್‌ಪ್ರೊಯೆಕ್ಸ್ ಮೂರ್ಛೆರೋಗಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುವ ಔಷಧಗಳು. ಮೈಗ್ರೇನ್ ತಲೆನೋವಿಗೂ ಬೈಪೋಲಾರ್ ಕಾಯಿಲೆಗೂ ಕೊಡುತ್ತಾರೆ. ಆದ್ದರಿಂದ "ನನಗೆ ಫಿಟ್ಸ್ ಇಲ್ಲ" ಎಂದುಕೊಂಡು ಈ ಸೂತ್ರವನ್ನು ದಾಟಿ ಹೋಗಬೇಡಿ. ಯಾವ ಔಷಧವನ್ನೂ ನುಂಗದ ತಾಯಂದಿರ ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಏನಾದರೊಂದು ದೊಡ್ಡ ಜನ್ಮದೋಷ ಇರುತ್ತದೆ. ವ್ಯಾಲ್‌ಪ್ರೊಯೇಟ್ ತೆಗೆದುಕೊಂಡವರಲ್ಲಿ ಅದು ನೂರಕ್ಕೆ ಸುಮಾರು ಹತ್ತು. ಹುಟ್ಟಿದಾಗ ಮೈಕೈ ಸರಿಯಿದ್ದ ಮಕ್ಕಳಲ್ಲೂ ನೂರಕ್ಕೆ 30ರಿಂದ 40ರಷ್ಟು ಮಕ್ಕಳಿಗೆ ಮಾತು, ಕಲಿಕೆ, ವರ್ತನೆಯ ತೊಂದರೆಗಳು ಕಾಣಿಸಿಕೊಳ್ಳಬಹುದು. ಈ ಕಾರಣಕ್ಕೇ ಯುರೋಪಿನ ಔಷಧ ನಿಯಂತ್ರಕರು 2018ರಿಂದ, ಗರ್ಭ ನಿಲ್ಲದಂತೆ ಖಚಿತ ಏರ್ಪಾಟು ಇಲ್ಲದ ಹೆಣ್ಣುಮಕ್ಕಳಿಗೆ ಇದನ್ನು ಕೊಡಕೂಡದೆಂದು ಕಟ್ಟುನಿಟ್ಟು ಮಾಡಿದರು.

ಇದನ್ನು ಓದಿದ ರಾತ್ರಿಯೇ ಮಾತ್ರೆ ಬಿಸಾಡಿದರೆ ಅದು ಇನ್ನೂ ದೊಡ್ಡ ಅನಾಹುತ. ಫಿಟ್ಸ್ ಮಾತ್ರೆ ಥಟ್ಟನೆ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು, ತಾಯಿಯ ಜೀವಕ್ಕೇ ಕುತ್ತಾಗಬಹುದು. ಲ್ಯಾಮೋಟ್ರಿಜಿನ್, ಲೆವೆಟಿರಾಸಿಟಾಂ ಮುಂತಾದ, ಮಗುವಿಗೆ ಬಹಳ ಕಡಿಮೆ ಅಪಾಯದ ಔಷಧಗಳಿವೆ. ಹಳೆಯದನ್ನು ಇಳಿಸುತ್ತ, ಹೊಸದನ್ನು ಏರಿಸುತ್ತ, ಫಿಟ್ಸ್ ಹತೋಟಿಯಲ್ಲಿದೆಯೇ ನೋಡುತ್ತ ಬದಲಿಸಲು ತಿಂಗಳುಗಳೇ ಹಿಡಿಯುತ್ತವೆ. ಕೆಲವರಿಗೆ ವ್ಯಾಲ್‌ಪ್ರೊಯೇಟ್ ಬಿಟ್ಟು ಬೇರೆ ಯಾವುದೂ ಒಗ್ಗದು. ಅಂಥವರಿಗೆ ಡೋಸ್ ಎಷ್ಟು ತಗ್ಗಿಸಬಹುದೆಂದು ತಜ್ಞರೇ ನಿರ್ಧರಿಸಬೇಕು.

ಬದಲಾಯಿಸುವ ತಿಂಗಳುಗಳಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕಲ್ಲ, ಅಲ್ಲೊಂದು ತೊಡಕಿದೆ. ಕಾರ್ಬಮಜೆಪಿನ್, ಫೆನಿಟಾಯಿನ್ ಮುಂತಾದ ಫಿಟ್ಸ್ ಮಾತ್ರೆಗಳು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ, ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸುತ್ತವೆ. ದಿನವೂ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಕಾಪರ್-ಟಿಯಂಥ ದಾರಿಯನ್ನು ಕೇಳಿ ತಿಳಿಯಿರಿ. ಇನ್ನು, ಗರ್ಭ ನಿಂತ ಮೇಲೆ ಲ್ಯಾಮೋಟ್ರಿಜಿನ್ ರಕ್ತದಿಂದ ಬೇಗ ಹೊರಹೋಗುವುದರಿಂದ ಡೋಸ್ ಏರಿಸಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವುಳ್ಳ ಗರ್ಭಿಣಿಯರ ವಿವರಗಳನ್ನು ದಾಖಲಿಸುವ ಕೆಲಸ ನಡೆಯುತ್ತಿದೆ. ಅಲ್ಲಿ ದಾಖಲಾದ ತಾಯಂದಿರಲ್ಲಿ ಬಹುಪಾಲು ಜನ ಆರೋಗ್ಯವಂತ ಮಕ್ಕಳನ್ನೇ ಹೆತ್ತಿದ್ದಾರೆ. ಫಿಟ್ಸ್ ಇರುವ ಹುಡುಗಿಗೆ ಮದುವೆ, ಮಗು ಬೇಡವೆನ್ನುವ ನೆಂಟರಿಗೆ ಇದನ್ನು ಹೇಳಿ.

5. ಮೊಡವೆ, ಬಂಗು, ಸೋರಿಯಾಸಿಸ್: ಚರ್ಮದ ಔಷಧ ಚರ್ಮದಲ್ಲೇ ನಿಲ್ಲುವುದಿಲ್ಲ

ಮದುವೆಗೆ ಮುಂಚೆ ಮೊಡವೆ ಹೋಗಲೆಂದು ಐಸೊಟ್ರೆಟಿನೊಯಿನ್ ಕ್ಯಾಪ್ಸೂಲ್ ಶುರುಮಾಡಿ, ಮದುವೆಯಾದ ಮೇಲೂ ಮುಂದುವರಿಸುವವರಿದ್ದಾರೆ. ಗರ್ಭದ ಮೊದಲ ವಾರಗಳಲ್ಲಿ ಇದು ಒಳಗಿದ್ದರೆ ನಾಲ್ಕೈದು ಶಿಶುಗಳಲ್ಲಿ ಒಂದಕ್ಕೆ ಕಿವಿ, ಮುಖ, ಹೃದಯ, ಮಿದುಳಿನ ದೊಡ್ಡ ದೋಷ ಬರುವಷ್ಟು ತೀವ್ರವಾದ ಔಷಧ. ಅಮೆರಿಕದಲ್ಲಿ ಪ್ರತಿ ತಿಂಗಳೂ ಗರ್ಭ ಪರೀಕ್ಷೆ ಮಾಡಿಸದೆ ಹೆಣ್ಣುಮಕ್ಕಳಿಗೆ ಇದನ್ನು ಕೊಡುವುದಿಲ್ಲ. ನಿಲ್ಲಿಸಿ ಒಂದು ತಿಂಗಳು ಕಳೆದರೆ ದೇಹದಿಂದ ಹೋಗುತ್ತದೆ, ಆಮೇಲೆ ಮಗುವಿಗೆ ಪ್ರಯತ್ನಿಸಬಹುದು. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಹಾಗಲ್ಲ. ಅದನ್ನು ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ನಿಲ್ಲಬಾರದು. ಮಗು ಬೇಕೆನ್ನುವ ಹೆಣ್ಣುಮಗಳಿಗೆ ಅದನ್ನು ಶುರುಮಾಡದಿರುವುದೇ ಸರಿ.

ಬಂಗಿಗೆಂದು, ಬೆಳ್ಳಗಾಗಲೆಂದು ಚೀಟಿಯಿಲ್ಲದೆ ಕೊಳ್ಳುವ ಕ್ರೀಮುಗಳ ಟ್ಯೂಬನ್ನು ತಿರುಗಿಸಿ ನೋಡಿ. ಹೈಡ್ರೋಕ್ವಿನೋನ್, ಟ್ರೆಟಿನೊಯಿನ್, ಒಂದು ಸ್ಟೀರಾಯ್ಡ್, ಈ ಮೂರೂ ಸೇರಿರುವವು ಬಹಳ ಇವೆ. ಇವನ್ನು ಮಗುವಿಗೆ ಪ್ರಯತ್ನಿಸುವ ಮೊದಲೇ ಬಿಡಿ. ಹೆಸರು ದಿಕ್ಕಿಲ್ಲದ ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ.

6. ಸಂಧಿವಾತದ ಮಾತ್ರೆಗೆ ಗಡುವು ಗೊತ್ತುಮಾಡಿಕೊಳ್ಳಿ

ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ಫೋಲಿಕ್ ಆಸಿಡ್‌ನ ಕೆಲಸವನ್ನೇ ತಡೆಯುತ್ತದೆ. ಗರ್ಭಕ್ಕೆ ಒಂದರಿಂದ ಮೂರು ತಿಂಗಳು ಮೊದಲು ನಿಲ್ಲಬೇಕು. ಲೆಫ್ಲುನೊಮೈಡ್ ನಿಲ್ಲಿಸಿದ ಮೇಲೂ ಎರಡು ವರ್ಷದವರೆಗೆ ರಕ್ತದಲ್ಲಿ ಉಳಿಯಬಲ್ಲದು. ಅದನ್ನು ಬೇಗ ಹೊರಹಾಕಲು ಬೇರೆ ಔಷಧ ಕೊಡುತ್ತಾರೆ, ಕೇಳಿ. ಕಿಡ್ನಿ ಕಸಿಯಾದವರು, ಲೂಪಸ್ ಇರುವವರು ತೆಗೆದುಕೊಳ್ಳುವ ಮೈಕೋಫಿನೊಲೇಟ್ ಆರು ವಾರ ಮೊದಲೇ ಬದಲಾಗಬೇಕು. ಬದಲಿಗೆ ಬಳಸಬಹುದಾದ ಅಜಥಿಯೋಪ್ರಿನ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಇವೆ. ಕಾಯಿಲೆ ಆರು ತಿಂಗಳಾದರೂ ಸುಮ್ಮನಿದ್ದ ಮೇಲೆ ಗರ್ಭ ಧರಿಸಿದರೆ ತಾಯಿಗೂ ಮಗುವಿಗೂ ಸುಲಭ.

7. ಇವನ್ನು ನಿಲ್ಲಿಸಬೇಡಿ

ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್. "ಬಸುರಿಯಲ್ಲಿ ಯಾಕೆ ಮಾತ್ರೆ" ಎಂದು ಮನೆಯವರು ಮೊದಲು ನಿಲ್ಲಿಸುವುದು ಇದನ್ನೇ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನ್ ಇರುವುದಿಲ್ಲ, ಅದರ ಮಿದುಳು ಬೆಳೆಯುವುದು ತಾಯಿಯದರಿಂದ. ಪ್ರಯತ್ನಿಸುವ ಮೊದಲು ಟಿಎಸ್‌ಎಚ್ 2.5ಕ್ಕಿಂತ ಕೆಳಗಿರಲಿ. ಗರ್ಭ ನಿಂತ ಕೂಡಲೇ ಡೋಸ್ ಸುಮಾರು ಕಾಲುಭಾಗದಷ್ಟು ಏರಿಸಬೇಕಾಗುತ್ತದೆ. ಎಷ್ಟು ಏರಿಸಬೇಕೆಂದು ಈಗಲೇ ಬರೆಸಿಟ್ಟುಕೊಳ್ಳಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಥೈರಾಯ್ಡ್ ರಕ್ತ ಪರೀಕ್ಷೆಗೆ ಎರಡು ದಿನ ಮೊದಲು ಬಿಡಿ, ಫಲಿತಾಂಶ ತಪ್ಪಾಗಿ ಬರುತ್ತದೆ. ಥೈರಾಯ್ಡ್ ಹೆಚ್ಚಾಗಿ ಕಾರ್ಬಿಮಜೋಲ್ ತೆಗೆದುಕೊಳ್ಳುವವರ ಕಥೆ ಬೇರೆ. ಅವರಿಗೆ ಮೊದಲ ಮೂರು ತಿಂಗಳಿಗೆ ಔಷಧ ಬದಲಿಸುತ್ತಾರೆ.

ಆಸ್ತಮಾದ ಇನ್ಹೇಲರ್. ಉಸಿರು ಕಟ್ಟಿದ ತಾಯಿಯ ಮಗುವಿಗೂ ಆಮ್ಲಜನಕ ಸಿಗುವುದಿಲ್ಲ.

ಲೂಪಸ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್. ನಿಲ್ಲಿಸಿದರೆ ಕಾಯಿಲೆ ಕೆರಳುತ್ತದೆ.

ಹೃದಯದ ಕವಾಟ ಬದಲಿಸಿಕೊಂಡವರ ರಕ್ತ ತೆಳುವಾಗಿಸುವ ಮಾತ್ರೆ. ಚಿಕ್ಕಂದಿನಲ್ಲಿ ಕೀಲುವಾತದ ಜ್ವರ ಬಂದು ಕವಾಟ ಹಾಳಾದ ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರು ತೆಗೆದುಕೊಳ್ಳುವ ವಾರ್ಫರಿನ್, ಅಸೆನೋಕೌಮರಾಲ್ ಆರರಿಂದ ಹನ್ನೆರಡನೇ ವಾರದ ನಡುವೆ ಮಗುವಿಗೆ ಕೆಟ್ಟದ್ದು. ತಾವಾಗಿ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿ ಉಳಿಯದಿರಬಹುದು. ಹೆಪಾರಿನ್ ಇಂಜೆಕ್ಷನ್ನಿಗೆ ಯಾವಾಗ ಬದಲಿಸಬೇಕು, ಬದಲಿಸಬೇಕೇ ಎಂಬುದನ್ನೆಲ್ಲ ಹೃದಯತಜ್ಞರೂ ಹೆರಿಗೆ ತಜ್ಞರೂ ಸೇರಿ ಗರ್ಭಕ್ಕೆ ಮೊದಲೇ ಬರೆದಿಡಬೇಕು.

8. ಬಿಪಿ, ಶುಗರ್, ತೂಕ

ಬಿಪಿಗೆ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಎನಾಲಾಪ್ರಿಲ್ ಇದ್ದರೆ ಬದಲಿಸಿಕೊಳ್ಳಬೇಕು. ನಾಲ್ಕನೇ ತಿಂಗಳಿನಿಂದಾಚೆಗೆ ಇವು ಮಗುವಿನ ಕಿಡ್ನಿಯನ್ನು ಕೆಡಿಸುತ್ತವೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ ಹಳೆಯ, ನಂಬಿಕೆಯ ಬದಲಿಗಳು. ಕೊಲೆಸ್ಟೆರಾಲ್ ಮಾತ್ರೆಯನ್ನು ಹೆಚ್ಚಿನವರಿಗೆ ನಿಲ್ಲಿಸುತ್ತಾರೆ.

ಸಕ್ಕರೆ ಕಾಯಿಲೆಯವರಿಗೆ ಮಾತ್ರೆಗಿಂತ ಮುಖ್ಯವಾದದ್ದು ಮೂರು ತಿಂಗಳ ಸಕ್ಕರೆ ಲೆಕ್ಕ, ಎಚ್‌ಬಿಎ1ಸಿ. 6.5ಕ್ಕಿಂತ ಕೆಳಗೆ ತಂದು ಪ್ರಯತ್ನಿಸಿ. 10ಕ್ಕಿಂತ ಮೇಲಿದ್ದರೆ ಸದ್ಯಕ್ಕೆ ತಡೆಯಿರಿ, ಏಕೆಂದರೆ ಏರಿದ ಸಕ್ಕರೆಯೇ ಮಗುವಿನ ಹೃದಯಕ್ಕೂ ನರಕೊಳವೆಗೂ ಹಾನಿ ಮಾಡುತ್ತದೆ. ಇನ್ಸುಲಿನ್ ಬೇಕೆಂದರೆ ಹೆದರಬೇಡಿ. ಮೆಟ್‌ಫಾರ್ಮಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ. ಡಾಪಾಗ್ಲಿಫ್ಲೋಜಿನ್‌ನಂಥವು ಬದಲಾಗುತ್ತವೆ.

ತೂಕ ಇಳಿಸುವ ಹೊಸ ಔಷಧಗಳ ಬಗ್ಗೆ ಎಚ್ಚರ. ಸೆಮಾಗ್ಲುಟೈಡ್ ಗರ್ಭಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ನಿಲ್ಲಬೇಕು, 2025ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಟಿರ್ಜೆಪಟೈಡ್ ಒಂದು ತಿಂಗಳು ಮೊದಲು. ಪಿಸಿಓಎಸ್‌ನಿಂದ ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದವರಿಗೆ ತೂಕ ಇಳಿದ ಕೂಡಲೇ ಅಂಡ ಬಿಡುಗಡೆಯಾಗತೊಡಗುತ್ತದೆ. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಬಲವನ್ನೂ ತಗ್ಗಿಸುತ್ತದೆ. "ನನಗೆಲ್ಲಿ ನಿಲ್ಲುತ್ತೆ" ಎಂದುಕೊಂಡಿದ್ದವರಿಗೇ ಹಠಾತ್ತನೆ ಗರ್ಭ ನಿಂತಿರುತ್ತದೆ. ಪಿಸಿಓಎಸ್‌ನಲ್ಲಿ ಮುಖದ ಕೂದಲಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಕೂಡ ಮೊದಲೇ ನಿಲ್ಲಲಿ.

9. ಮನಸ್ಸಿನ ಔಷಧವನ್ನು ಮುಚ್ಚಿಡಬೇಡಿ

ಖಿನ್ನತೆಗೆ, ಆತಂಕಕ್ಕೆ ಮಾತ್ರೆ ನುಂಗುವುದನ್ನು ಗಂಡನ ಮನೆಯಲ್ಲಿ ಹೇಳದವರು ಎಷ್ಟೋ ಜನ. ಗುಟ್ಟು ಕಾಯುವ ಸಲುವಾಗಿ ಮದುವೆಯ ವಾರದಲ್ಲೇ ಮಾತ್ರೆ ನಿಂತುಬಿಡುತ್ತದೆ. ಕಾಯಿಲೆ ಮರಳುವುದು ಗರ್ಭದ ನಡುವೆ ಅಥವಾ ಬಾಣಂತನದಲ್ಲಿ, ತಾಯಿ ಅತಿ ಸೋತ ಹೊತ್ತಿನಲ್ಲಿ. ಇದಕ್ಕೆ ಹೆಣ್ಣುಮಕ್ಕಳನ್ನು ದೂರಲು ನನಗೆ ಮನಸ್ಸಿಲ್ಲ. ಬದಲಾಗಬೇಕಾದ್ದು ಆ ಮನೆಗಳು.

ಸರ್ಟ್ರಲಿನ್‌ನಂಥ ಔಷಧವನ್ನು ಗರ್ಭದಲ್ಲೂ ಹಾಲೂಡಿಸುವಾಗಲೂ ಕೊಡುತ್ತಾರೆ. ಪರಾಕ್ಸೆಟಿನ್ ಇದ್ದರೆ ಬದಲಿಸುವುದನ್ನು ಯೋಚಿಸುತ್ತಾರೆ. ಲಿಥಿಯಂನಿಂದ ಮಗುವಿನ ಹೃದಯಕ್ಕೆ ಸಣ್ಣ ಅಪಾಯವಿದೆ, ಅದು ಡೋಸಿನ ಮೇಲೆ ಹೋಗುತ್ತದೆ. ಲಿಥಿಯಂ ನಿಲ್ಲಿಸಿದರೆ ಬೈಪೋಲಾರ್ ಮರುಕಳಿಸುವ ಅಪಾಯ ಸಣ್ಣದಲ್ಲ. ಎರಡನ್ನೂ ತೂಗಿ ನೋಡಲು ಮನೋವೈದ್ಯರೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ತಾಯಿ ಮತ್ತು ಹಸುಗೂಸನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡೂ ಇದೆ. ದೂರದ ಊರಿನವರು 14416 ಸಂಖ್ಯೆಗೆ ಕರೆ ಮಾಡಿ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

10. ಮುಟ್ಟು ಮುಂದೂಡುವ ಮಾತ್ರೆಗೆ ಮೊದಲು ಗರ್ಭ ಪರೀಕ್ಷೆ

ವರಮಹಾಲಕ್ಷ್ಮಿ ವ್ರತ, ಗೃಹಪ್ರವೇಶ, ತಿರುಪತಿ ಯಾತ್ರೆ, ನಾದಿನಿಯ ಮದುವೆ. ಮುಟ್ಟಿನ ತಾರೀಖು ಅಡ್ಡ ಬಂದರೆ ಮೆಡಿಕಲ್ ಶಾಪಿನಿಂದ ನೊರೆಥಿಸ್ಟೆರಾನ್ ಮಾತ್ರೆ ಬರುತ್ತದೆ. ಹೊಸದಾಗಿ ಮದುವೆಯಾದವಳಿಗೆ ಅತ್ತೆಯೋ ಅಕ್ಕನೋ ತಂದುಕೊಡುವುದೂ ಉಂಟು. ಇದು ಹಾರ್ಮೋನ್. ಹೆಚ್ಚು ಪ್ರಮಾಣದಲ್ಲಿ ಗರ್ಭದ ಮೊದಲ ತಿಂಗಳುಗಳಲ್ಲಿ ಸೇವಿಸಿದವರ ಹೆಣ್ಣುಶಿಶುಗಳ ಜನನಾಂಗದಲ್ಲಿ ಬದಲಾವಣೆ ಕಂಡದ್ದು ದಾಖಲಾಗಿದೆ. ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ಸಂಗತಿ. ಮಾತ್ರೆ ನುಂಗುತ್ತಿರುವಾಗ ಮುಟ್ಟು ಬರದಿದ್ದರೆ ಅದು ಮಾತ್ರೆಯ ಕೆಲಸ ಎಂದೇ ಎಲ್ಲರೂ ತಿಳಿಯುತ್ತಾರೆ. ಹಬ್ಬ ಮುಗಿದು ಮಾತ್ರೆ ಬಿಟ್ಟ ಮೇಲೂ "ಇನ್ನೆರಡು ದಿನ ನೋಡೋಣ" ಎನ್ನುತ್ತಾರೆ. ನಿಜಕ್ಕೂ ಗರ್ಭ ನಿಂತಿದ್ದರೆ ಅತಿ ಮುಖ್ಯವಾದ ಎರಡು ಮೂರು ವಾರ ಹೀಗೆ ತಿಳಿಯದೆ ಕಳೆದುಹೋಗುತ್ತದೆ. ಮಗುವಿಗೆ ಪ್ರಯತ್ನಿಸುತ್ತಿರುವ ತಿಂಗಳುಗಳಲ್ಲಿ ಈ ಮಾತ್ರೆ ಬೇಡವೇ ಬೇಡ. ಬೇರೆ ತಿಂಗಳುಗಳಲ್ಲೂ ಗರ್ಭ ಪರೀಕ್ಷೆ ಮಾಡಿಕೊಂಡೇ ನುಂಗಿ. ಮುಟ್ಟಾದರೆ ಪೂಜೆಗೆ ಬೇರೆಯವರು ಕೂರಲಿ.

11. ಪ್ರಯತ್ನಿಸುವ ತಿಂಗಳ ಕೊನೆಯ ಹದಿನೈದು ದಿನ ಗರ್ಭಿಣಿಯೆಂದೇ ನಡೆದುಕೊಳ್ಳಿ

ನೋವಿಗೆ, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಪದೇ ಪದೇ ನುಂಗಿದರೆ ಅಂಡ ಹೊರಬರುವುದೇ ತಡವಾಗಬಹುದು. 20 ವಾರದ ನಂತರ ಅವು ಮಗುವಿನ ಕಿಡ್ನಿಗೂ ಒಳ್ಳೆಯದಲ್ಲ. ಹುಳುಕಡ್ಡಿಗೆ ತಿಂಗಳುಗಟ್ಟಲೆ ನುಂಗಿಸುವ ಇಟ್ರಾಕೊನಜೋಲ್, ಗ್ರಿಸಿಯೋಫುಲ್ವಿನ್ ಕೋರ್ಸನ್ನು ಮೊದಲೇ ಮುಗಿಸಿಕೊಳ್ಳಿ. ಬಿಳಿ ಸೆರಗಿನ ತುರಿಕೆಗೆ ನುಂಗುವ ಫ್ಲುಕೊನಜೋಲ್ ಬದಲು ಒಳಗಿಡುವ ಕ್ಲೋಟ್ರಿಮಜೋಲ್ ಕೇಳಿ. ಎಕ್ಸ್-ರೇ ತೆಗೆಯುವ ಮೊದಲು ಗರ್ಭ ನಿಂತಿರಬಹುದೆಂದು ಒಂದು ಮಾತು ಹೇಳಿ.

12. ಬೇರು, ಭಸ್ಮ, ಲೇಹ್ಯ: ಹೆಸರು ಬರೆದಿಲ್ಲದ್ದು ಬೇಡ

2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ವಿಪರೀತ ಏರಿತ್ತು. ಮೂಲ ಹುಡುಕಿದಾಗ ಸಿಕ್ಕಿದ್ದು ಭಾರತದಿಂದ ತಂದ ಆಯುರ್ವೇದ ಮಾತ್ರೆಗಳು. ಸೀಸ ಎಲುಬಿನಲ್ಲಿ ಕೂತು, ಗರ್ಭದಲ್ಲಿ ಎಲುಬು ಕರಗಿ ಕ್ಯಾಲ್ಸಿಯಂ ಹೊರಬರುವಾಗ ತಾನೂ ಹೊರಬಂದು ಮಗುವನ್ನು ಸೇರುತ್ತದೆ. ಅಂದರೆ ಮದುವೆಗೆ ಮುಂಚೆ ತಿಂದದ್ದೂ ಲೆಕ್ಕಕ್ಕಿದೆ. ಇದರರ್ಥ ಆಯುರ್ವೇದವೇ ಬೇಡವೆಂದಲ್ಲ. ಓದಿ ಪದವಿ ಪಡೆದ ವೈದ್ಯರು ಹೆಸರು ಬರೆದುಕೊಟ್ಟ ಔಷಧವನ್ನು, ಗರ್ಭದ ಯೋಜನೆ ತಿಳಿಸಿದ ಮೇಲೆ ತೆಗೆದುಕೊಳ್ಳಬಹುದು. ಪೊಟ್ಟಣದಲ್ಲಿ ಕಟ್ಟಿಕೊಡುವ ಪುಡಿ, ರಸ, ಭಸ್ಮಗಳನ್ನು ದೂರವಿಡಿ.

ಗಂಡು ಮಗುವಾಗಲೆಂದು ಕೊಡುವ ಔಷಧದ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ: ಮುಟ್ಟಬೇಡಿ. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟಿದ ಗಳಿಗೆಯಲ್ಲೇ, ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗಿರುತ್ತದೆ. ಹರಿಯಾಣದಲ್ಲಿ ಇಂಥ ಔಷಧಗಳನ್ನು ಪರೀಕ್ಷಿಸಿದವರಿಗೆ ಅವುಗಳಲ್ಲಿ ಹಾರ್ಮೋನುಗಳು ಸಿಕ್ಕಿದವು. ಅವನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ಜನ್ಮದೋಷ ಹೆಚ್ಚಿದ್ದದ್ದೂ ಕಂಡುಬಂತು.

13. ಗಂಡನಿಗೂ ಒಂದು ಚೀಲ

ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಜಿಮ್ಮಿನಲ್ಲಿ ಮೈ ಕಟ್ಟಲು ಹಾಕಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣುಗಳನ್ನು ಸೊನ್ನೆಗಿಳಿಸಬಲ್ಲದು, ನಿಲ್ಲಿಸಿದ ಮೇಲೂ ಮರಳಲು ತಿಂಗಳುಗಳು, ಕೆಲವೊಮ್ಮೆ ವರ್ಷವೇ ಬೇಕು. ಸಲ್ಫಾಸಲಜಿನ್ ಕೂಡ ಎಣಿಕೆ ತಗ್ಗಿಸುತ್ತದೆ, ನಿಲ್ಲಿಸಿದರೆ ಸರಿಹೋಗುತ್ತದೆ. ವ್ಯಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಗಂಡಸರೂ ಮಗುವಿನ ಯೋಜನೆಯನ್ನು ಮೊದಲೇ ಹೇಳಬೇಕೆಂದು 2024ರಲ್ಲಿ ಯುರೋಪಿನ ನಿಯಂತ್ರಕರು ಸೂಚಿಸಿದ್ದಾರೆ. ಮಗುವಾಗದಿದ್ದರೆ ಹೆಂಡತಿಯನ್ನಷ್ಟೇ ಆಸ್ಪತ್ರೆಗೆ ಅಲೆಸುವ ಮನೆಗಳು ಈ ಚೀಲವನ್ನೂ ತೆರೆದು ನೋಡಲಿ.

14. ಲಸಿಕೆಯ ಲೆಕ್ಕ

ರುಬೆಲ್ಲಾ, ಚಿಕನ್‌ಪಾಕ್ಸ್, ಎರಡರ ಲಸಿಕೆಯೂ ಜೀವಂತ ವೈರಾಣುವಿನದು. ಹಾಕಿಸಿಕೊಂಡು ಒಂದು ತಿಂಗಳು ಗರ್ಭ ತಡೆಯಿರಿ. ಹಾಕಿಸಿಕೊಳ್ಳುವುದಂತೂ ಮೊದಲೇ ಆಗಬೇಕು, ಗರ್ಭದಲ್ಲಿ ಕೊಡುವಂತಿಲ್ಲ.

15. ಎಲ್ಲ ಮಾತ್ರೆಯನ್ನೂ ವಿಷವೆಂದು ಕಾಣಬೇಡಿ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಅನ್ನು ಬಸುರಿಯರ ವಾಂತಿಗೂ ಕೊಟ್ಟರು. 1961ರಲ್ಲಿ ಹಿಂದೆಗೆಯುವಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಿಶುಗಳು ಮೊಂಡು ಕೈಕಾಲುಗಳೊಂದಿಗೆ ಹುಟ್ಟಿದ್ದವು. ನಮ್ಮಲ್ಲಿ ಅದು ಇಂದಿಗೂ ಕುಷ್ಠದ ಒಂದು ಬಗೆಯ ತೊಡಕಿಗೂ ರಕ್ತದ ಕ್ಯಾನ್ಸರಿಗೂ ಬಳಕೆಯಲ್ಲಿದೆ. ಆ ದುರಂತದ ಭಯ ಎಷ್ಟಿತ್ತೆಂದರೆ, ವಾಂತಿಗೆ ಕೊಡುವ ಡಾಕ್ಸಿಲಮಿನ್-ಪಿರಿಡಾಕ್ಸಿನ್ ಎಂಬ ನಿರಪಾಯದ ಮಾತ್ರೆಯ ಮೇಲೂ ಅಮೆರಿಕದಲ್ಲಿ ಮೊಕದ್ದಮೆಗಳು ಬಿದ್ದು, 1983ರಲ್ಲಿ ಕಂಪನಿ ಅದನ್ನು ಹಿಂದೆಗೆದುಕೊಂಡಿತು. ಮಕ್ಕಳ ಜನ್ಮದೋಷವೇನೂ ಕಡಿಮೆಯಾಗಲಿಲ್ಲ. ವಾಂತಿಯಿಂದ ಬಳಲಿ ಆಸ್ಪತ್ರೆ ಸೇರುವ ಬಸುರಿಯರು ಹೆಚ್ಚಿದರು. 2013ರಲ್ಲಿ ಅದೇ ಮಾತ್ರೆ ಮರಳಿ ಬಂತು. ನಿಮ್ಮ ಡಾಕ್ಟರು ವಾಂತಿಗೆ ಅದನ್ನು ಬರೆದರೆ ನಿಶ್ಚಿಂತೆಯಿಂದ ತೆಗೆದುಕೊಳ್ಳಿ.

ಅಂತರ್ಜಾಲದಲ್ಲಿ ಔಷಧದ ಹೆಸರಿನ ಮುಂದೆ ಎ, ಬಿ, ಸಿ, ಡಿ, ಎಕ್ಸ್ ಎಂಬ ಅಕ್ಷರ ಕಂಡು ತೀರ್ಮಾನಿಸುವವರಿಗೆ ಒಂದು ಮಾತು. ಆ ಅಕ್ಷರಗಳು ದಾರಿ ತಪ್ಪಿಸುತ್ತವೆಂದು ಅವನ್ನು ತಂದ ಅಮೆರಿಕವೇ 2015ರಲ್ಲಿ ಕೈಬಿಟ್ಟಿತು.

16. ಗೊತ್ತಿಲ್ಲದೆ ನುಂಗಿಬಿಟ್ಟಿದ್ದರೆ

ಅಳುತ್ತ ಕೂರಬೇಡಿ, ಯಾರನ್ನೂ ಕೇಳದೆ ಗರ್ಭ ತೆಗೆಸಲು ಓಡಬೇಡಿ. ಹೆಚ್ಚಿನ ಔಷಧಗಳಿಂದ ಹೆಚ್ಚಿನ ಶಿಶುಗಳಿಗೆ ಏನೂ ಆಗಿರುವುದಿಲ್ಲ. ವಿಫಲವಾದ ತುರ್ತು ಗರ್ಭನಿರೋಧಕ ಮಾತ್ರೆಯಿಂದಲೂ ಮಗುವಿಗೆ ಹಾನಿಯಿಲ್ಲ. ಅಂಗಡಿಯಿಂದ ಗರ್ಭಪಾತದ ಕಿಟ್ ತಂದು ನುಂಗುವುದು ಮಾತ್ರ ನಿಜಕ್ಕೂ ಅಪಾಯ. ಅದರಲ್ಲಿರುವ ಮಿಸೊಪ್ರೊಸ್ಟಾಲ್ ನುಂಗಿಯೂ ಗರ್ಭ ಉಳಿದರೆ ಮಗುವಿನ ಕೈಕಾಲಿಗೆ, ಮುಖದ ನರಗಳಿಗೆ ದೋಷ ಬರಬಹುದು.

ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಕೊನೆಯ ಮುಟ್ಟಿನ ಮೊದಲ ದಿನ ಯಾವುದು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸ್ಟ್ರಿಪ್ಪಿನ ಜೊತೆ ಆ ಹಾಳೆಯನ್ನು ಒಯ್ದು ಈ ವಾರವೇ ಹೆರಿಗೆ ಡಾಕ್ಟರಿಗೆ ತೋರಿಸಿ. ನಿತ್ಯದ ಮಾತ್ರೆಯಾಗಿದ್ದರೆ ಅವರು ಹೇಳುವವರೆಗೆ ತಾವಾಗಿ ಬಿಡಬೇಡಿ. ಐಸೊಟ್ರೆಟಿನೊಯಿನ್, ಮೆಥೋಟ್ರೆಕ್ಸೇಟ್‌ನಂಥದ್ದಾಗಿದ್ದರೆ ಮುಂದಿನ ಡೋಸ್ ನುಂಗುವ ಮೊದಲೇ ಫೋನ್ ಮಾಡಿ. 18ರಿಂದ 20 ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ ತಪ್ಪಿಸಬೇಡಿ, ಸ್ಕ್ಯಾನ್ ಮಾಡುವವರಿಗೂ ಔಷಧದ ಹೆಸರು ಹೇಳಿ. ಔಷಧದಿಂದ ಅಡ್ಡಪರಿಣಾಮವಾಗಿದೆಯೆಂಬ ಅನುಮಾನವಿದ್ದರೆ ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ದೂರು ಕೊಡಬಹುದು.